ಕೊಂದವನ ಮುಖ, ಕಳೆದುಕೊಂಡವರ ಮನೆ

ಕೊಂದವನನ್ನು ಕೊಲ್ಲಬಹುದೇ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ನಮ್ಮ ಧರ್ಮಕೇಂದ್ರದ ಯಾವ ಮನೆಯಲ್ಲಿ ಬೇಕಾದರೂ ಕೇಳಿ ನೋಡಿ. ಆ ದಿನ ಪತ್ರಿಕೆಯಲ್ಲಿ ಯಾವ ಸುದ್ದಿ ಬಂದಿದೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಮಗುವೊಂದರ ಹತ್ಯೆಯ ಸುದ್ದಿ ಬಂದಿದ್ದರೆ, ಜಪಸರ ಹಿಡಿದ ಕೈಯೇ ನೇಣುಹಗ್ಗವನ್ನೂ ಬಯಸುತ್ತದೆ. ಹಂಗಿಸುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ನನ್ನ ಮನಸ್ಸೂ ಇದಕ್ಕೆ ಹೊರತಲ್ಲ. ಈ ಪ್ರಶ್ನೆಯನ್ನು ನುಣುಚಿಕೊಳ್ಳದೆ ಎದುರಿಸಿದ ಚಲನಚಿತ್ರವೊಂದಿದೆ. ಅದನ್ನು ನಾನು ಎರಡು ಬಾರಿ ನೋಡಿದ್ದೇನೆ. ಎರಡು ಸಲವೂ ಅದು ಬೇರೆ ಬೇರೆ ಚಿತ್ರವಾಗಿಯೇ ಕಂಡಿತು.

1995ರಲ್ಲಿ ತೆರೆಕಂಡ 'ಡೆಡ್ ಮ್ಯಾನ್ ವಾಕಿಂಗ್' ಆ ಚಿತ್ರ. ಅಮೆರಿಕದ ಲೂಸಿಯಾನ ರಾಜ್ಯದ ಧರ್ಮಭಗಿನಿ ಹೆಲೆನ್ ಪ್ರೆಜಾನ್ ಅವರು 1993ರಲ್ಲಿ ಇದೇ ಹೆಸರಿನಲ್ಲಿ ಪ್ರಕಟಿಸಿದ ಅನುಭವ ಕಥನ ಅದಕ್ಕೆ ಆಧಾರ. ನಿರ್ದೇಶಕ ಟಿಮ್ ರಾಬಿನ್ಸ್. ಧರ್ಮಭಗಿನಿಯ ಪಾತ್ರ ವಹಿಸಿದ ಸೂಸನ್ ಸರಂಡನ್ ಅವರಿಗೆ 1996ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಗಲ್ಲಿಗೆ ಹೊರಟ ಕೈದಿಯನ್ನು ಕರೆದೊಯ್ಯುವಾಗ ಕಾವಲುಗಾರ ಕೂಗುವ ಮಾತೇ ಚಿತ್ರದ ಶೀರ್ಷಿಕೆ: ಸತ್ತ ಮನುಷ್ಯ ನಡೆದು ಬರುತ್ತಿದ್ದಾನೆ ಎಂದು ಅದರ ಅರ್ಥ.

ಕಥೆ ಸರಳ. ಬಡವರ ನಡುವೆ ಸೇವೆಯಲ್ಲಿರುವ ಹೆಲೆನ್‌ಗೆ ಮರಣದಂಡನೆಯ ಕೈದಿಯೊಬ್ಬನಿಂದ ಪತ್ರ ಬರುತ್ತದೆ. ಅವನು ಮ್ಯಾಥ್ಯೂ ಪಾನ್ಸ್‌ಲೆಟ್. ಶಾನ್ ಪೆನ್ ನಟಿಸಿರುವ ಪಾತ್ರವಿದು. ಇನ್ನೊಬ್ಬನ ಜೊತೆ ಸೇರಿ, ಕಾಡಿನ ಬಳಿ ಕುಳಿತಿದ್ದ ಯುವಕ ಯುವತಿಯರಿಬ್ಬರನ್ನು ಘೋರವಾಗಿ ಕೊಂದ ಅಪರಾಧ ಅವನ ಮೇಲಿದೆ. ಜೊತೆಗಾರನಿಗೆ ಜೀವಾವಧಿ, ಇವನಿಗೆ ಸಾವು. ಧನಿಕರು ಈ ಕೋಣೆಗಳಿಗೆ ಬಂದು ಬೀಳುವುದಿಲ್ಲ ಎಂದು ಅವನ ವಕೀಲ ಕ್ಷಮಾದಾನ ಮಂಡಳಿಯ ಮುಂದೆ ಹೇಳುತ್ತಾನೆ. ಪಾನ್ಸ್‌ಲೆಟ್ ಎಂಬ ವ್ಯಕ್ತಿ ನಿಜವಾಗಿ ಇರಲಿಲ್ಲ. 1984ರಲ್ಲಿ ವಿದ್ಯುತ್ ಕುರ್ಚಿಯಲ್ಲಿ ಮಡಿದ ಇಬ್ಬರು ಕೈದಿಗಳಿಗೆ ಹೆಲೆನ್ ಸಾಂತ್ವನ ನೀಡಿದ್ದರು. ಅವರಿಬ್ಬರನ್ನು ಸೇರಿಸಿ ಕಟ್ಟಿದ ಪಾತ್ರವಿದು. ಚಿತ್ರದಲ್ಲಿ ವಿದ್ಯುತ್ ಕುರ್ಚಿಯ ಬದಲು ವಿಷದ ಚುಚ್ಚುಮದ್ದು ಇದೆ. ಈ ಬದಲಾವಣೆ ನನಗೆ ಸರಿಯೆನಿಸಿತು. ಹಳೆಯ ಕ್ರೂರ ಯಂತ್ರವನ್ನು ತೋರಿಸಿದ್ದರೆ, 'ಈಗ ಹಾಗಿಲ್ಲವಲ್ಲ' ಎಂದು ಪ್ರೇಕ್ಷಕರು ನಿಟ್ಟುಸಿರು ಬಿಡುತ್ತಿದ್ದರು.

ಮರಣದಂಡನೆಯನ್ನು ವಿರೋಧಿಸುವ ಕಥೆಗಳು ಸಾಮಾನ್ಯವಾಗಿ ನಿರಪರಾಧಿಯೊಬ್ಬನನ್ನು ಆರಿಸಿಕೊಳ್ಳುತ್ತವೆ. ಕೊನೆಯಲ್ಲಿ ಅವನು ಕೊಲೆಗಾರನಲ್ಲ ಎಂದು ತಿಳಿಯುತ್ತದೆ, ನಾವು ಕಣ್ಣೀರಿಡುತ್ತೇವೆ. ಆದರೆ ಅಲ್ಲಿ ನಮ್ಮ ಪ್ರಶ್ನೆಗೆ ಉತ್ತರವೇ ಸಿಕ್ಕಿರುವುದಿಲ್ಲ. ನಿರಪರಾಧಿಯನ್ನು ಕೊಲ್ಲಬಾರದೆಂದು ಗಲ್ಲಿನ ಪರವಾಗಿರುವವರೂ ಒಪ್ಪುತ್ತಾರೆ. ರಾಬಿನ್ಸ್ ಈ ಸುಲಭ ದಾರಿ ಹಿಡಿದಿಲ್ಲ. ಪಾನ್ಸ್‌ಲೆಟ್ ಕೊಂದವನೇ. ಅಷ್ಟು ಸಾಲದೆಂಬಂತೆ ಅವನು ಸುಳ್ಳುಗಾರ, ಜನಾಂಗದ್ವೇಷಿ, ತನ್ನ ಮೇಲೆಯೇ ಮರುಕಪಡುವವನು. ಪ್ರೀತಿಸಲು ಕಾರಣವೇ ಇಲ್ಲದ ಒಬ್ಬನನ್ನು ನಮ್ಮೆದುರು ಕೂರಿಸಿ, 'ಈಗ ಹೇಳಿ' ಎನ್ನುತ್ತದೆ ಚಿತ್ರ.

ಮೊದಲ ಸಲ ಇದನ್ನು ನೋಡಿದಾಗ ನಾನು ಗುರುಮಠದಲ್ಲಿ ದೈವಶಾಸ್ತ್ರದ ವಿದ್ಯಾರ್ಥಿ. ನೀತಿಶಾಸ್ತ್ರ ಬೋಧಿಸುತ್ತಿದ್ದ ಗುರುಗಳು ಎಲ್ಲಿಂದಲೋ ಕ್ಯಾಸೆಟ್ ತರಿಸಿ ತೋರಿಸಿದ್ದರು. ಆಗ ನನಗೆ ಕಂಡದ್ದು ಹೆಲೆನ್ ಮಾತ್ರ. ಮೊದಲ ಭೇಟಿಯಲ್ಲಿ ಅವಳಿಗೂ ಕೈದಿಗೂ ನಡುವೆ ಒತ್ತಾದ ತಂತಿಬಲೆ ಇರುತ್ತದೆ, ಮುಖವೇ ಸರಿಯಾಗಿ ಕಾಣುವುದಿಲ್ಲ. ಸಾವು ಸಮೀಪಿಸಿದಂತೆ ಅಡ್ಡಿಗಳು ತೆಳುವಾಗುತ್ತ ಹೋಗುತ್ತವೆ. ಕೊನೆಯ ನಡಿಗೆಯಲ್ಲಿ ಅವನ ಹೆಗಲ ಮೇಲೆ ಕೈಯಿಡಲು ಅವಳಿಗೆ ಅನುಮತಿ ಸಿಗುತ್ತದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಗುರುವಾಗಬೇಕೆಂದುಕೊಂಡೆ. ಮರಣದಂಡನೆಯ ವಿರುದ್ಧ ಎಷ್ಟು ಬಾರಿಯಾದರೂ ಪ್ರಬೋಧನೆ ಮಾಡಬಲ್ಲೆ ಎಂಬ ಧೈರ್ಯವೂ ಬಂತು.

ಆ ಪ್ರಬೋಧನೆಯನ್ನು ಮಾಡಿದ್ದು ಹಲವು ವರ್ಷಗಳ ನಂತರ. 2020ರ ಮಾರ್ಚ್ 20ರ ಬೆಳಗಿನ ಜಾವ, ದೆಹಲಿಯಲ್ಲಿ 2012ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದ ನಾಲ್ವರನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಜೈಲಿನ ಹೊರಗೆ ಜನ ಸೇರಿ ಸಂಭ್ರಮಿಸಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಕೊರೊನಾ ಕಾಲ ಕಳೆದು ದೇವಾಲಯಗಳು ಮತ್ತೆ ತೆರೆದ ಮೇಲೆ, ತಪಸ್ಸುಕಾಲದ ಒಂದು ಭಾನುವಾರ ಆ ಸಂಭ್ರಮವನ್ನು ಉದಾಹರಿಸಿ ಕಟುವಾಗಿ ಮಾತನಾಡಿದೆ. ಧನ್ಯ ರಾಣಿ ಮರಿಯಾ ಅವರ ಕಥೆಯನ್ನೂ ಹೇಳಿದೆ. 1995ರಲ್ಲಿ ಮಧ್ಯಪ್ರದೇಶದಲ್ಲಿ ಆ ಧರ್ಮಭಗಿನಿಯನ್ನು ಇರಿದು ಕೊಂದವನನ್ನು ಅವರ ಕುಟುಂಬ ಕ್ಷಮಿಸಿತು, ತಂಗಿ ಅವನಿಗೆ ರಾಖಿ ಕಟ್ಟಿದರು ಎಂದೆ. ಪ್ರಬೋಧನೆ ಚೆನ್ನಾಗಿತ್ತೆಂದು ನನಗೇ ಅನಿಸಿತ್ತು.

ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ಪೂಜಾವಸ್ತ್ರಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮಗನ ಕೊಲೆಯಾಗಿ ಆರು ವರ್ಷಗಳಾಗಿದ್ದವು. ನನಗಿಂತ ಹಿಂದಿನ ಗುರುಗಳ ಕಾಲದಲ್ಲಿ ನಡೆದದ್ದು. ವಿಷಯ ನನಗೆ ಗೊತ್ತಿತ್ತು, ಆದರೆ ಮಾತನಾಡುವಾಗ ನೆನಪಿರಲಿಲ್ಲ. "ಫಾದರ್, ನೀವು ಹೇಳಿದ್ದು ಸರಿಯಿರಬಹುದು. ಆದರೆ ಅವನಿಗೆ ಜೈಲಿನಲ್ಲಿ ದಿನಾ ತಟ್ಟೆ ಇಡುತ್ತಾರೆ. ನನ್ನ ಮಗನ ತಟ್ಟೆಯನ್ನು ನಾನು ಎತ್ತಿಟ್ಟುಬಿಟ್ಟೆ. ನಮ್ಮ ಮನೆಗೆ ನೀವು ಒಂದು ದಿನವೂ ಬಂದಿಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಹೊರಟುಹೋದರು.

ಆ ವಾರವೇ ಚಿತ್ರವನ್ನು ಎರಡನೇ ಸಲ ನೋಡಿದೆ. ಈ ಬಾರಿ ಕಂಡದ್ದು ಮನೆಗಳು. ಸತ್ತ ಯುವಕನ ತಂದೆ, ಶ್ರೀಮಾನ್ ಡೆಲಕ್ರಾ, ಧರ್ಮಭಗಿನಿಯನ್ನು ಎದುರಿಸಿ ಕೇಳುತ್ತಾನೆ: ನಮ್ಮ ಬಳಿಗೆ ನೀವೇಕೆ ಬರಲಿಲ್ಲ? ಅವಳಲ್ಲಿ ಉತ್ತರವಿಲ್ಲ. ಸತ್ತ ಯುವತಿಯ ತಂದೆತಾಯಿ ಪರ್ಸಿ ದಂಪತಿಗಳು ಅವಳನ್ನು ಮನೆಯೊಳಗೆ ಕರೆದು ಮಗಳ ಕೊನೆಯ ದಿನವನ್ನು ವಿವರಿಸುತ್ತಾರೆ. ಅವಳು ತಮ್ಮ ಪಕ್ಷಕ್ಕೆ ಬಂದಿದ್ದಾಳೆಂದು ಅವರ ಭಾವನೆ. ಕೈದಿಯ ಕೈಬಿಟ್ಟಿಲ್ಲವೆಂದು ತಿಳಿದ ಕ್ಷಣವೇ ಹೊರಗೆ ಕಳುಹಿಸುತ್ತಾರೆ. ನಿರ್ದೇಶಕ ಅವರನ್ನು ಸೇಡಿನ ಮೂರ್ತಿಗಳಾಗಿ ಚಿತ್ರಿಸಬಹುದಿತ್ತು. ಹಾಗೆ ಮಾಡದೆ ಅವರ ದುಃಖಕ್ಕೆ ಕೂರಲು ಜಾಗ ಕೊಟ್ಟಿದ್ದಾನೆ. ಬಲಿಯಾದವರ ಮನೆಗಳಿಗೆ ಮೊದಲೇ ಹೋಗದಿದ್ದದ್ದು ತನ್ನ ದೊಡ್ಡ ತಪ್ಪೆಂದು ಹೆಲೆನ್ ಪ್ರೆಜಾನ್ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಗುರುಮಠದಲ್ಲಿ ಆ ಪುಸ್ತಕ ಓದಿದ್ದೆ. ಆ ಪುಟಗಳು ನನ್ನ ನೆನಪಿನಲ್ಲಿ ಉಳಿದೇ ಇರಲಿಲ್ಲ.

ಧನ್ಯ ರಾಣಿ ಮರಿಯಾ ಅವರ ಕುಟುಂಬ ತಾನಾಗಿ ಕೊಟ್ಟದ್ದನ್ನು ಬೇರೊಂದು ಕುಟುಂಬದಿಂದ ನಾವು ಪ್ರಬೋಧನೆಯ ಪೀಠದಲ್ಲಿ ನಿಂತು ವಸೂಲಿ ಮಾಡಲಾಗದು.

ಚಿತ್ರದ ಬಗ್ಗೆ ನನ್ನ ಆಕ್ಷೇಪಗಳೂ ಇವೆ. ಮುಖ್ಯವಾದದ್ದು ಮರಣದ ದೃಶ್ಯ. ಕೈದಿಯನ್ನು ಮೇಜಿಗೆ ಬಿಗಿದು, ಕೈಗಳನ್ನು ಚಾಚಿಸಿ, ಆ ಮೇಜನ್ನು ನೇರ ನಿಲ್ಲಿಸುತ್ತಾರೆ. ಶಿಲುಬೆಯ ಸ್ಮರಣೆ ಬರಲೆಂಬ ಉದ್ದೇಶ ಸ್ಪಷ್ಟ. ನನಗದು ಒಪ್ಪಿಗೆಯಾಗಲಿಲ್ಲ. ಯೇಸುಸ್ವಾಮಿ ನಿರ್ದೋಷಿ, ಇವನು ದೋಷಿ. ಹೋಲಿಸಲೇಬೇಕೆಂದಿದ್ದರೆ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿದ್ದ. ಸಂತ ಲೂಕರ ಶುಭಸಂದೇಶದಲ್ಲಿ ಆ ಕಳ್ಳ ತನ್ನ ಶಿಕ್ಷೆ ತನಗೆ ಸಲ್ಲತಕ್ಕದ್ದೇ ಎಂದು ಒಪ್ಪುತ್ತಾನೆಂಬುದನ್ನು ಗಮನಿಸಿ. ಅದನ್ನು ಸ್ವಾಮಿ ಅಲ್ಲಗಳೆಯುವುದೂ ಇಲ್ಲ. 'ಅವನು ಅರ್ಹನೇ' ಎಂಬ ಪ್ರಶ್ನೆಗೆ ಕೊಂದವನೇ 'ಹೌದು' ಎನ್ನಬಹುದು. ಚರ್ಚೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದೇ ನನ್ನ ಮಾತು.

ಎರಡನೆಯದು ಇನ್ನೂ ಗಂಭೀರ. ಪಾನ್ಸ್‌ಲೆಟ್ ಬಹುಪಾಲು ಚಿತ್ರದಲ್ಲಿ 'ನಾನು ಕೊಂದಿಲ್ಲ' ಎನ್ನುತ್ತಲೇ ಇರುತ್ತಾನೆ. ಕೊನೆಯ ಗಳಿಗೆಗಳಲ್ಲಿ ಹೆಲೆನ್ ಎದುರು ನಿಜ ನುಡಿದು ಅಳುತ್ತಾನೆ. ಹಾಗಾದರೆ ಅವನನ್ನು ಪಶ್ಚಾತ್ತಾಪಕ್ಕೆ ತಂದದ್ದು ಮರಣದ ಭಯವೇ ಅಲ್ಲವೇ? ಸಾವಿನ ಅಂಚಿನಲ್ಲೂ ತಿರುಗದವನು ಮುಂದೆಂದೂ ತಿರುಗಲಾರ ಎಂಬ ಅರ್ಥದಲ್ಲಿ ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದರು. ಗುರುಮಠದ ಪರೀಕ್ಷೆಯಲ್ಲಿ ಆ ವಾದವನ್ನು ಬರೆದು ಒಳ್ಳೆಯ ಅಂಕ ಪಡೆದವನು ನಾನು! ಚಿತ್ರ ತನಗರಿವಿಲ್ಲದೆ ಆ ವಾದಕ್ಕೆ ಬಲ ಕೊಡುತ್ತದೆ.

ಆದರೆ ಮುಂದೆ ಏನಾಗುತ್ತದೆಂದು ನೋಡಿ. ನಿಜ ಹೊರಬಂದ ಬೆನ್ನಿಗೇ ಅವನನ್ನು ಕರೆದೊಯ್ಯುತ್ತಾರೆ. ಗಾಜಿನಾಚೆ ಕುಳಿತ ತಂದೆತಾಯಿಗಳಿಗೆ ಸಿಗುವುದು ನಾಲ್ಕು ಮಾತು. ಡೆಲಕ್ರಾನ ಬಳಿ ಕ್ಷಮೆ ಕೇಳುತ್ತಾನೆ. ತನ್ನ ಸಾವಿನಿಂದ ನಿಮಗೆ ಸಮಾಧಾನ ಸಿಗಲಿ ಎಂದು ಪರ್ಸಿಗಳಿಗೆ ಹೇಳುತ್ತಾನೆ. ಅಷ್ಟೇ. ಮಗ ಕೊನೆಗೆ ಏನೆಂದ, ಮಗಳು ಯಾರನ್ನು ಕರೆದಳು ಎಂದು ಕೇಳಲು ಇನ್ನು ಯಾರೂ ಉಳಿದಿಲ್ಲ. ಕೊಂದವನು ಜೀವವನ್ನು ಹಿಂದಿರುಗಿಸಲಾರ. ಆದರೆ ಸತ್ಯ ಅವನು ತೀರಿಸಬೇಕಾದ ಸಾಲ. ಆ ಸಾಲವನ್ನು ತೀರಿಸಲು ಅವನು ಆರಂಭಿಸಿದ ಕ್ಷಣದಲ್ಲೇ ಸರ್ಕಾರ ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡುತ್ತದೆ. ಮರಣದಂಡನೆಗೆ ನನ್ನ ವಿರೋಧ ಈಗ ನಿಂತಿರುವುದು ಮುಖ್ಯವಾಗಿ ಇಲ್ಲಿ. ಕೊಂದವನ ಮೇಲಿನ ಮರುಕಕ್ಕಿಂತ, ಕಳೆದುಕೊಂಡವರಿಗೆ ಸಲ್ಲಬೇಕಾದುದರ ಮೇಲೆ ಅದು ನಿಂತಿದೆ. ಅವನು ನುಡಿಯದೆಯೂ ಇರಬಹುದು. ಆದರೆ ನುಡಿಯಬಲ್ಲ ಬಾಯಿ ಇರಬೇಕು.

ಧರ್ಮಸಭೆ ಈ ವಿಷಯದಲ್ಲಿ ಬೋಧಿಸುವಾಗ ತನ್ನ ಇತಿಹಾಸವನ್ನು ಮರೆಮಾಚಬಾರದು. ಜಗದ್ಗುರುಗಳ ಆಳ್ವಿಕೆಯಲ್ಲಿದ್ದ ರೋಮ್‌ನಲ್ಲಿ ಒಬ್ಬನೇ ವಧಕಾರ 1796ರಿಂದ 1864ರವರೆಗೆ 516 ಜನರನ್ನು ಕೊಂದ ದಾಖಲೆಯಿದೆ. ವ್ಯಾಟಿಕನ್ ರಾಜ್ಯದ ಕಾನೂನಿನಲ್ಲಿ 1969ರವರೆಗೂ ಮರಣದಂಡನೆ ಇತ್ತು. ಅಂತಹ ಶಿಕ್ಷೆ ಅನಿವಾರ್ಯವಾಗುವ ಸಂದರ್ಭಗಳು ಇಲ್ಲವೇ ಇಲ್ಲವೆನ್ನುವಷ್ಟು ವಿರಳ ಎಂದು ಎರಡನೇ ಜಾನ್ ಪೌಲರು 1995ರ ವಿಶ್ವಪತ್ರದಲ್ಲಿ ಬರೆದರು. 1997ರಲ್ಲಿ ಹೆಲೆನ್ ಪ್ರೆಜಾನ್ ಅವರೇ ಆ ಜಗದ್ಗುರುಗಳಿಗೆ ಪತ್ರ ಬರೆದು, ಅಸಹಾಯಕನಾಗಿ ಸಾವಿನತ್ತ ನಡೆಯುವವನ ಪಕ್ಕದಲ್ಲಿ ತಾನು ನಡೆದದ್ದನ್ನು ತಿಳಿಸಿದರು. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮೋಪದೇಶ ಗ್ರಂಥವನ್ನು ತಿದ್ದಿ, ಮರಣದಂಡನೆ ಸ್ವೀಕಾರಾರ್ಹವಲ್ಲ ಎಂದು ಸಾರಿದರು. ಇಷ್ಟು ನಿಧಾನವಾಗಿ ಕಲಿತ ನಾವು, ಆ ತಾಯಿ ಒಂದು ಭಾನುವಾರದಲ್ಲಿ ಕಲಿಯಬೇಕೆಂದು ಅಪೇಕ್ಷಿಸುವುದು ಹೇಗೆ?

ನಮ್ಮ ನಾಡಿನ ಮಾತನ್ನೂ ಹೇಳಬೇಕು. 'ಅಪರೂಪದಲ್ಲಿ ಅಪರೂಪ'ದ ಪ್ರಕರಣಗಳಿಗೆ ಮಾತ್ರ ಗಲ್ಲು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತು. ಬೆಂಗಳೂರಿನಲ್ಲಿ 1998ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯ ಅಪರಾಧಿಯೊಬ್ಬನನ್ನು ಬೆಳಗಾವಿಯ ಜೈಲಿನಲ್ಲಿ ಸುಮಾರು 10 ವರ್ಷ ಕಾನೂನುಬಾಹಿರವಾಗಿ ಒಂಟಿ ಸೆರೆಯಲ್ಲಿ ಇರಿಸಲಾಗಿತ್ತು. ಅದೇ ಕಾರಣಕ್ಕೆ 2022ರಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ರದ್ದುಗೊಳಿಸಿ, ಕನಿಷ್ಠ 30 ವರ್ಷದ ಜೀವಾವಧಿ ಶಿಕ್ಷೆ ವಿಧಿಸಿತು. ಅಪರಾಧ ನಡೆದು ಆಗಲೇ 24 ವರ್ಷ! ಅಷ್ಟೂ ಕಾಲ ಆ ಹೆಣ್ಣುಮಗಳ ಮನೆಯವರು ಗಲ್ಲಿನ ದಾರಿ ಕಾಯುತ್ತ ಕುಳಿತಿದ್ದರೆ, ಅವರ ಕೈಗೆ ಕೊನೆಗೆ ಬಂದದ್ದೇನು?

ಚಿತ್ರದ ಕೊನೆ ನನಗೆ ಅತ್ಯಂತ ಪ್ರಿಯ. ಕೈದಿಯ ಶವಸಂಸ್ಕಾರಕ್ಕೆ ಡೆಲಕ್ರಾ ಬಂದು ದೂರದಲ್ಲಿ ನಿಂತಿರುತ್ತಾನೆ. ಏಕೆ ಬಂದೆನೆಂದು ಅವನಿಗೇ ತಿಳಿಯದು. ತನ್ನಲ್ಲಿ ದ್ವೇಷ ತುಂಬಿದೆ, ನಿಮ್ಮಂಥ ವಿಶ್ವಾಸ ತನಗಿಲ್ಲ ಎನ್ನುತ್ತಾನೆ. ಅದು ವಿಶ್ವಾಸದ ಮಾತಲ್ಲ, ದುಡಿಮೆ ಎಂಬರ್ಥದಲ್ಲಿ ಹೆಲೆನ್ ಉತ್ತರಿಸುತ್ತಾಳೆ. ದ್ವೇಷದಿಂದ ಹೊರಬರಲು ಇಬ್ಬರೂ ಒಬ್ಬರಿಗೊಬ್ಬರು ನೆರವಾಗಬಹುದೇನೋ ಎನ್ನುತ್ತಾಳೆ. ಆಗಲಾರದೆಂದೇ ಅವನು ಹೇಳುತ್ತಾನೆ. ಮುಂದಿನ ದೃಶ್ಯದಲ್ಲಿ ಚಿಕ್ಕ ದೇವಾಲಯವೊಂದರ ಕಿಟಕಿ. ಒಳಗೆ ಇಬ್ಬರೂ ಮೊಣಕಾಲೂರಿದ್ದಾರೆ. ಕ್ಯಾಮೆರಾ ಹೊರಗೇ ನಿಲ್ಲುತ್ತದೆ. ಅವರ ಪ್ರಾರ್ಥನೆ ನಮಗೆ ಕೇಳಿಸುವುದಿಲ್ಲ.

ಆ ತಾಯಿಯ ಮನೆಗೆ ಈಗ ತಿಂಗಳ ಮೊದಲ ಶುಕ್ರವಾರ ಹೋಗುತ್ತೇನೆ. ಮೊದಲ ಎರಡು ಸಲ ಜಗಲಿಯಲ್ಲೇ ಮಾತನಾಡಿಸಿ ಕಳುಹಿಸಿದರು. ಮೂರನೇ ಸಲ ಒಳಗೆ ಕರೆದು ಕಾಫಿ ಕೊಟ್ಟರು, ಮಗನ ಶಾಲೆಯ ಫೋಟೋ ತೋರಿಸಿದರು. ಗಲ್ಲಿನ ವಿಷಯವನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.