ನುಡಿಯನ್ನು ಬಿಟ್ಟ ಆಚರಣೆ: ಘೆಂಟ್–ಶಂಕರಘಟ್ಟ ಸಂಶೋಧನಾ ಯೋಜನೆ ಮತ್ತು ಕೊಲ್ಲಮೊಗ್ರು ಪರಿಸರ

ಆಧುನಿಕ ಪಾಶ್ಚಾತ್ಯ ತತ್ತ್ವಚಿಂತನೆಯ ಚರಿತ್ರೆಯನ್ನು ಕನ್ನಡ ನಾಡಿನ ಹಳ್ಳಿಗಳೊಂದಿಗೆ ಮುಖಾಮುಖಿಯಾಗಿಸಿದ ಸಂಶೋಧನಾ ಯೋಜನೆಗಳು ವಿರಳ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಎಸ್. ಎನ್. ಬಾಲಗಂಗಾಧರ ಅವರು ಆರಂಭಿಸಿದ ಸಂಸ್ಕೃತಿಗಳ ತೌಲನಿಕ ಅಧ್ಯಯನ ಅಂತಹದೊಂದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸ್ಥಳೀಯ ಸಂಸ್ಕೃತಿಗಳ ಅಧ್ಯಯನ ಕೇಂದ್ರದಲ್ಲಿ ರಾಜಾರಾಮ ಹೆಗಡೆ, ಜೆ. ಎಸ್. ಸದಾನಂದ ಮೊದಲಾದವರು ಅದನ್ನು ಕ್ಷೇತ್ರಕಾರ್ಯದ ಮಟ್ಟಕ್ಕೆ ತಂದರು. ಈ ಯೋಜನೆಯ ಬಗೆಗೆ ಕನ್ನಡದಲ್ಲಿ ನಡೆದ ವಾಗ್ವಾದ ಬಹುಮಟ್ಟಿಗೆ ಎಡ–ಬಲಗಳ ಜಗಳವಾಗಿ ಮುಗಿದುಹೋಯಿತು. ಜಾನಪದ ವಿದ್ವಾಂಸರು ಅದನ್ನು ತಮ್ಮ ಪ್ರಶ್ನೆಯಾಗಿ ಕೈಗೆತ್ತಿಕೊಂಡದ್ದು ಕಡಿಮೆ. ನಾನೂ ತಡವಾಗಿಯೇ ಓದಿದವನು.

ಯೋಜನೆಯ ಮೂಲವಾದವು 1994ರಲ್ಲಿ ಲೈಡನ್ನಿನ ಬ್ರಿಲ್ ಸಂಸ್ಥೆ ಪ್ರಕಟಿಸಿದ ಬಾಲಗಂಗಾಧರರ ಬೃಹತ್ ಕೃತಿಯಲ್ಲಿದೆ. ಎಲ್ಲ ಸಂಸ್ಕೃತಿಗಳಲ್ಲಿಯೂ ರಿಲಿಜನ್ ಇದ್ದೇ ಇರುತ್ತದೆ ಎಂಬ ನಂಬಿಕೆ ಕ್ರೈಸ್ತ ಧರ್ಮಶಾಸ್ತ್ರದ್ದು. ಜ್ಞಾನೋದಯದ ಚಿಂತಕರು ದೇವರನ್ನು ಬದಿಗಿಟ್ಟರೂ ಈ ನಂಬಿಕೆಯನ್ನು ಬಿಡಲಿಲ್ಲ ಎಂಬುದು ಅಲ್ಲಿಯ ಪ್ರತಿಪಾದನೆ. 1757ರಲ್ಲಿ ಹ್ಯೂಮ್ ರಿಲಿಜನ್ನಿನ ಹುಟ್ಟನ್ನು ಮನುಷ್ಯನ ಭಯದಲ್ಲಿ ಹುಡುಕಿದಾಗ, ಎಲ್ಲೆಡೆಯೂ ರಿಲಿಜನ್ ಇದೆಯೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲಿಲ್ಲ. ಇದೇ ಜಾಡಿನಲ್ಲಿ ಯಾಕೋಬ್ ಡಿ ರೂವರ್ ಅವರ 2015ರ ಗ್ರಂಥವು 1689ರಲ್ಲಿ ಲಾಕ್ ಮಂಡಿಸಿದ ಸಹಿಷ್ಣುತೆಯ ವಾದದ ಬೇರನ್ನು ಪ್ರಾಟೆಸ್ಟಂಟ್ ಧರ್ಮಶಾಸ್ತ್ರದಲ್ಲಿ ಗುರುತಿಸುತ್ತದೆ.

ತುಳುನಾಡಿನ ಅಧ್ಯಯನಕಾರನಿಗೆ ಈ ವಾದದ ಉಪಯೋಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವನ ಮರಣಾನಂತರ, 1894ರಿಂದ, 'ತುಳುವರ ಪಿಶಾಚಾರಾಧನೆ' ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯಡಿ ಅಚ್ಚಾದವು. ಪಂಜುರ್ಲಿ, ಗುಳಿಗರು ಪಿಶಾಚಿಗಳಾದದ್ದು ಇಲ್ಲಿಯ ಅಂಗಳದಲ್ಲಲ್ಲ, ಆ ಶೀರ್ಷಿಕೆಯಲ್ಲಿ. ಪಿಶಾಚಿಯ ಬದಲು 'ಜನಪದ ಧರ್ಮ' ಎಂದು ನಾವು ಬರೆದೆವು. ಮರ್ಯಾದೆ ಹೆಚ್ಚಿತು, ಚೌಕಟ್ಟು ಬದಲಾಗಲಿಲ್ಲ. ಇದನ್ನು ತೋರಿಸಿಕೊಟ್ಟದ್ದಕ್ಕೆ ಈ ಯೋಜನೆಗೆ ನಮ್ಮ ಶಾಸ್ತ್ರ ಋಣಿಯಾಗಿರಬೇಕು.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಪಶ್ಚಿಮದ ಕಲಿಕೆಯನ್ನು ರಿಲಿಜನ್ ರೂಪಿಸಿದರೆ ನಮ್ಮ ಕಲಿಕೆಯನ್ನು ಆಚರಣೆ ರೂಪಿಸಿದೆ. ಅಲ್ಲಿ ಸಿದ್ಧಾಂತಜ್ಞಾನ ಪ್ರಧಾನ, ಇಲ್ಲಿ ಕ್ರಿಯಾಜ್ಞಾನ ಪ್ರಧಾನ ಎಂದು ಈ ವಾದ ಮುಂದುವರಿಯುತ್ತದೆ. ಏಕೆ ಮಾಡುತ್ತೀರಿ ಎಂದು ಕೇಳಿದರೆ 'ಹಿರಿಯರು ನಡೆಸಿಕೊಂಡು ಬಂದದ್ದು' ಎಂಬ ಉತ್ತರ ಬರುವುದೇ ಇದಕ್ಕೆ ನಿದರ್ಶನ. ಸುಳ್ಯ ತಾಲೂಕಿನ ಕೊಲ್ಲಮೊಗ್ರು ಪರಿಸರದಲ್ಲಿ, ಘಟ್ಟದ ಬುಡದ ಅಡಿಕೆ ತೋಟಗಳ ನಡುವಣ ಮನೆಗಳಲ್ಲಿ, ನನಗೂ ಈ ಉತ್ತರವೇ ದೊರೆತಿದೆ. ಆದರೆ ಅದು ಹೊರಗಿನಿಂದ ಬಂದವನಿಗೆ ಕೊಡುವ ಉತ್ತರ. ಅದೇ ರಾತ್ರಿ ಕೋಲದಲ್ಲಿ ಗಗ್ಗರ ಕಟ್ಟಿದ ದೈವ ನುಡಿ ಕೊಡಲು ನಿಂತಾಗ ನಡೆಯುವುದು ಬೇರೆ. ಕಳೆದ ವರ್ಷ ಹೇಳಿದ ಹರಕೆ ಏಕೆ ಸಂದಿಲ್ಲ, ಪಾಲಾದ ಮನೆಯಲ್ಲಿ ತಂಬಿಲದ ಹೊಣೆ ಯಾರದು ಎಂದು ದೈವ ಕೇಳುತ್ತದೆ. ಯಜಮಾನ ಕಾರಣ ಕೊಡುತ್ತಾನೆ, ಮಧ್ಯಸ್ಥ ಹಿಂದಿನ ತೀರ್ಮಾನವನ್ನು ನೆನಪಿಸುತ್ತಾನೆ, ದೈವ ಒಪ್ಪುತ್ತದೆ ಅಥವಾ ಒಪ್ಪುವುದಿಲ್ಲ. ಪೂರ್ವನಿದರ್ಶನ, ಆಕ್ಷೇಪ, ವಿನಾಯಿತಿ ಎಲ್ಲವೂ ಇರುವ ಈ ವಿಚಾರಣೆಯನ್ನು ಕ್ರಿಯೆ ಎಂದಷ್ಟೇ ಕರೆಯುವುದು ಹೇಗೆ? ಆಚರಣೆಯ ಒಳಗೇ ವಾದವಿದೆ. ಅದನ್ನು ಕೇಳಿಸಿಕೊಳ್ಳದೆ ಆಚರಣೆಯನ್ನು ಸಿದ್ಧಾಂತದ ಎದುರುಪದವಾಗಿ ನಿಲ್ಲಿಸಿದರೆ, ಚಿಂತನೆ ಘೆಂಟಿನಲ್ಲಿಯೂ ಉದಾಹರಣೆ ಕೊಲ್ಲಮೊಗ್ರಿನಲ್ಲಿಯೂ ಉಳಿಯುತ್ತವೆ.

ಪಾಡ್ದನಗಳಿಗೂ ಈ ಮಾತು ಅನ್ವಯಿಸುತ್ತದೆ. ಪಡುಮಲೆಯಿಂದ ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಸಾಗುವ ಕೋಟಿ–ಚೆನ್ನಯರ ಕಥನ ಈ ಸೀಮೆಯದೇ. ದೇಯಿ ಬೈದೆತಿಗೆ ಕೊಟ್ಟ ಮಾತನ್ನು ಬಲ್ಲಾಳ ನಡೆಸದಿದ್ದಾಗ, ಆಳುವವನ ಮಾತಿಗೆ ಹೊಣೆ ಯಾರು, ತಾಯಿಗೆ ಸಲ್ಲಬೇಕಾದುದನ್ನು ಮಕ್ಕಳು ಕೇಳಬಹುದೇ ಎಂಬ ಪ್ರಶ್ನೆಗಳನ್ನು ಅದು ಎತ್ತುತ್ತದೆ. ಇಲ್ಲಿಯೂ ಒಬ್ಬ ಲಾಕ್ ಇದ್ದಾನೆ ಎಂದು ಸಂಭ್ರಮಿಸುವುದು ಬೇಡ. ಅದು ಹಳೆಯ ತಪ್ಪಿನ ಇನ್ನೊಂದು ರೂಪವಷ್ಟೆ. ಆದರೆ ರಾಜಧರ್ಮವನ್ನು ಕುರಿತ ವಿಚಾರವೆಂದು ಈ ಕಥನವನ್ನು ಓದಲು ಲಾಕ್‌ನ ಅನುಮತಿ ಬೇಕಾಗಿಲ್ಲ.

ಜಾತಿಯ ವಿಷಯದಲ್ಲಿ ಯೋಜನೆಯ ನಿಲುವನ್ನು ವಿರೋಧಿಗಳು ಹಲವೊಮ್ಮೆ ತಿರುಚಿದ್ದಾರೆ. ಜಾತಿಗಳಿಲ್ಲ, ಅನ್ಯಾಯವಿಲ್ಲ ಎಂದು ಅದು ಹೇಳುವುದಿಲ್ಲ. ಇವನ್ನೆಲ್ಲ ಹೆಣೆದ ಒಂದೇ 'ವ್ಯವಸ್ಥೆ' ಇದೆಯೆಂಬುದು ಯುರೋಪಿಯನ್ನರ ಅನುಭವದ ನಿರ್ಮಿತಿ ಎನ್ನುತ್ತದೆ. ಹಾಗಿದ್ದರೂ, ದೈವ ಕಟ್ಟುವ ನಲಿಕೆ, ಪರವ ಸಮುದಾಯದ ಕಲಾವಿದ ಅಣಿ ಕಟ್ಟಿ ನಿಂತಾಗ ಯಜಮಾನನನ್ನು ಹೆಸರು ಹಿಡಿದು ಕರೆಯಬಲ್ಲ. ಅಣಿ ಇಳಿಸಿದ ಮೇಲೆ ಅದೇ ಮನೆಯ ಜಗಲಿ ಏರಲು ಹಿಂಜರಿಯಬೇಕಾಗುತ್ತದೆ. ನುಡಿಯ ಅಧಿಕಾರಕ್ಕೂ ಮೆಟ್ಟಿಲಿನ ನಿಷೇಧಕ್ಕೂ ಇರುವ ಈ ನಂಟನ್ನು ವ್ಯವಸ್ಥೆ ಎನ್ನದಿದ್ದರೆ ಬೇಡ; ಅದಕ್ಕೊಂದು ವಿವರಣೆಯಾದರೂ ಬೇಕು. ನಾನು ಓದಿದ ಮಟ್ಟಿಗೆ ಅಂತಹ ವಿವರಣೆ ಈ ಯೋಜನೆಯ ಬರಹಗಳಲ್ಲಿ ದೊರೆಯಲಿಲ್ಲ.

ಲೋಪ ಶಂಕರಘಟ್ಟದವರದು ಮಾತ್ರವಲ್ಲ. 1886ರಲ್ಲಿ ಬಾಸೆಲ್ ಮಿಶನ್ನಿನ ಮಾನರ್ ಪ್ರಕಟಿಸಿದ್ದು ಪಾಡ್ದನಗಳನ್ನು. ನಾವು ಮುಂದುವರಿಸಿದ್ದೂ ಮುಖ್ಯವಾಗಿ ಅದನ್ನೇ. ಕೊಲ್ಲಮೊಗ್ರಿನ ಗೌಡರ ಮನೆಗಳಲ್ಲಿ ದೈವ ತುಳುವಿನಲ್ಲಿ ನುಡಿಯುತ್ತದೆ, ಮನೆಯವರೂ ತುಳುವಿನಲ್ಲಿಯೇ ಅರಿಕೆ ಮಾಡಿಕೊಳ್ಳುತ್ತಾರೆ. ಬಳಿಕ ಆ ನುಡಿಯ ಅರ್ಥವೇನು, ಅದು ನ್ಯಾಯವೇ ಎಂಬ ಚರ್ಚೆ ಪಡಸಾಲೆಯಲ್ಲಿ ಅರೆಭಾಷೆಯಲ್ಲಿ ನಡೆಯುತ್ತದೆ. ನನ್ನ ಧ್ವನಿಮುದ್ರಿಕೆಗಳಲ್ಲಿ ಪಾಡ್ದನವಿದೆ, ನುಡಿಯ ಕೆಲವು ತುಣುಕುಗಳಿವೆ. ಪಡಸಾಲೆಯ ಮಾತು ಆರಂಭವಾಗುವ ಹೊತ್ತಿಗೆ, ಕೋಲ ಮುಗಿಯಿತೆಂದು, ನಾನು ಯಂತ್ರವನ್ನು ನಿಲ್ಲಿಸಿದ್ದೆ.