ಹರಿಯುವ ನೀರಲ್ಲೇ ಕೆಲಸ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಂ ತುಂಬಿತ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗುತ್ತಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಇತ್ತ ಗಂಗಾವತಿ ಸೀಮೆಯ ಗದ್ದೆಗಳು ಇದೇ ನೀರನ್ನು ನೆಚ್ಚಿಕೊಂಡಿದ್ದವು. ಮುಂದಿನ ಒಂದು ವಾರ ಮುನಿರಾಬಾದಿನ ಬಳಿ ನಡೆದದ್ದನ್ನು ಕೆಲಸ ಮಾಡಿಸುವ ಹೊಣೆ ಹೊತ್ತವರೆಲ್ಲ ಒಮ್ಮೆ ಕೂತು ಓದಬೇಕು.

ಮೊದಲು ಕೇಳಿಬಂದ ದಾರಿ ಒಂದೇ: 60 ಟಿಎಂಸಿಯಷ್ಟು ನೀರು ಹೊರಬಿಟ್ಟು, ಮಟ್ಟ ಇಳಿದ ಮೇಲೆ ಹೊಸ ಗೇಟು ಕೂರಿಸುವುದು. 105 ಟಿಎಂಸಿ ಸಾಮರ್ಥ್ಯದ ಜಲಾಶಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ನದಿಪಾಲು. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರು ಬೇರೆ ಮಾತು ಹೇಳಿದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಕಿಂಡಿಗೆ ಅಡ್ಡ ಕೂರುವ ಉಕ್ಕಿನ ಹಲಗೆ, ಇಳಿಸೋಣ ಎಂದರು.

ನಿವೃತ್ತರಾಗಿ ವರ್ಷಗಳೇ ಕಳೆದಿದ್ದ ಅವರಿಗೆ ಆ ಹೊತ್ತಿನಲ್ಲಿ ಕುರ್ಚಿ ಇರಲಿಲ್ಲ, ಅನುಭವವಿತ್ತು. ತುಂಗಭದ್ರಾ ಮಂಡಳಿಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ಪಾಲಿದೆ. ಇಷ್ಟು ಜನ ಮೇಲಿರುವ ಕಡೆ ಹೊರಗಿನವರ ಮಾತಿಗೆ ಕಿವಿಗೊಟ್ಟು, ಕೆಲಸವನ್ನು ಅವರ ಕೈಗೊಪ್ಪಿಸಿದ್ದು ಆ ವಾರದ ಮೊದಲ ಒಳ್ಳೆಯ ತೀರ್ಮಾನ. ಕಚೇರಿಗಳಲ್ಲಿ ಹುದ್ದೆ ನೋಡಿ ಸಲಹೆ ಕೇಳುವ ಚಾಳಿ ಎಷ್ಟು ನಷ್ಟ ತರುತ್ತದೆಂಬುದು ಅನುಭವಸ್ಥರಿಗೆ ಗೊತ್ತು.

ಎರಡನೆಯದು ಕೆಲಸವನ್ನು ಒಡೆದ ಬಗೆ. ಗೇಟಿನ ಅಳತೆ 60 ಅಡಿ ಅಗಲ, 20 ಅಡಿ ಎತ್ತರ. ಅಷ್ಟು ದೊಡ್ಡದನ್ನು ಒಂದೇ ಏಟಿಗೆ ಆ ರಭಸದಲ್ಲಿ ಇಳಿಸಲಾಗದು. ಹಾಗಾಗಿ ತಲಾ ನಾಲ್ಕು ಅಡಿ ಎತ್ತರದ ಐದು ತುಂಡು. ಒಂದರ ಮೇಲೊಂದು ಕೂರಬೇಕು. ಅವುಗಳ ತಯಾರಿಯನ್ನು ಒಂದೇ ಕಡೆ ಕಟ್ಟಿಹಾಕದೆ ಬೇರೆ ಬೇರೆ ವರ್ಕ್‌ಶಾಪ್‌ಗಳಿಗೆ ಹಂಚಿದರು. ಹಗಲು ರಾತ್ರಿ ವೆಲ್ಡಿಂಗ್ ನಡೆಯಿತು.

ಮೊದಲ ಯತ್ನ ಕೈಗೂಡಲಿಲ್ಲ. ಇಂಥ ಗಳಿಗೆಯಲ್ಲೇ ಮೇಲಿನವರ ಸತ್ವ ತಿಳಿಯುವುದು. ತಪ್ಪು ಯಾರದ್ದೆಂಬ ಮೀಟಿಂಗಿನಲ್ಲಿ ಒಂದು ದಿನ ಕಳೆದಿದ್ದರೆ ಅಷ್ಟು ನೀರು ಹರಿದುಹೋಗುತ್ತಿತ್ತು. ಅಡ್ಡ ಬಂದದ್ದನ್ನು ಸರಿಪಡಿಸಿಕೊಂಡು ತಂಡ ಮತ್ತೆ ಕೆಲಸಕ್ಕಿಳಿಯಿತು. ಕ್ರೇನಿಗೆ ತೂಗಿದ ಉಕ್ಕಿನ ಹಲಗೆ, ಕೆಳಗೆ ಭೋರ್ಗರೆವ ನೀರು, ಎರಡೂ ಬದಿಯ ಜಾಡಿನಲ್ಲಿ ಆ ಹಲಗೆ ಸರಿಯಾಗಿ ಕೂರಬೇಕು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನ ಉಳಿದವು. ಜಲಾಶಯದಲ್ಲಿ 70 ಟಿಎಂಸಿಯಷ್ಟು ನೀರು ಉಳಿಯಿತು. ನಾಯ್ಡು ಅವರ ಜತೆಗೆ ಜೀವ ಒತ್ತೆಯಿಟ್ಟು ದುಡಿದ ಕಾರ್ಮಿಕರನ್ನೂ ಸರ್ಕಾರ ಸನ್ಮಾನಿಸಿತು. ಹಾಗೆ ಮಾಡಿದ್ದೇ ಸರಿ.

ಇದೇ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಮುಂದಾಳುತನವೂ ಇದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹೂಳು, ಗಿಡಗಂಟಿ ತುಂಬಿದ್ದ ಹಿರೇಹಳ್ಳದ ಸ್ವಚ್ಛತೆಗೆ ಕೈಹಾಕಿದಾಗ ಭಕ್ತರಿಗೆ ಅಪ್ಪಣೆ ಕೊಟ್ಟು ಮಠದಲ್ಲಿ ಕೂರಲಿಲ್ಲ, ತಾವೇ ಹಳ್ಳಕ್ಕಿಳಿದರು. ಜನ ಹಣ ಕೊಟ್ಟರು, ಯಂತ್ರಗಳು ಬಂದವು. ಬಳಿಕ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೂ ಜನರ ನೆರವಿನಿಂದಲೇ ಮೇಲೆ ಬಂತು. ಯಲಬುರ್ಗಾ ಸೀಮೆಯ ತಲ್ಲೂರು ಕೆರೆಯ ಕೆಲಸವನ್ನು 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಕೈಗೆತ್ತಿಕೊಂಡಿತ್ತು. ಗವಿಮಠದ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಬರುವುದೂ ಊರೂರಿನಿಂದ ಟ್ರ್ಯಾಕ್ಟರಿನಲ್ಲಿ. ಯಾವ ಮನೆಯಲ್ಲಿ ಎಷ್ಟು ಬಡಿಯಬೇಕೆಂದು ಮಠ ಲೆಕ್ಕ ಕೇಳುವುದಿಲ್ಲ. ಜನರ ಮೇಲಿನ ನಂಬಿಕೆ ಅದು. ರೈಸ್‌ಮಿಲ್ಲಿನ ಮ್ಯಾನೇಜರ್ ಕೂಡ ಹಮಾಲರ ಮೇಸ್ತ್ರಿಯ ಮೇಲೆ ಅಷ್ಟು ನಂಬಿಕೆ ಇಟ್ಟು ನೋಡಲಿ.

ಆದರೆ ಚೈನ್ ತುಂಡಾದ ಮೇಲಿನ ಚಾತುರ್ಯಕ್ಕಿಂತ ತುಂಡಾಗುವ ಮುಂಚಿನ ಎಚ್ಚರ ದೊಡ್ಡದು. ಗೇಟುಗಳಿಗೆ ಆಗಲೇ ಏಳು ದಶಕ ವಯಸ್ಸಾಗಿತ್ತು. ಕೊನೆಗೆ 33 ಗೇಟುಗಳನ್ನೂ ಬದಲಿಸಲು 2025–26ರ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಇಂಥ ಕಹಿ ಸುದ್ದಿಯನ್ನು ಅಧಿಕಾರಿಗಳು ರೈತರ ಮುಂದೆ ಖುದ್ದಾಗಿ ನಿಂತು, ಕಾರಣ ಸಮೇತ ಹೇಳಬೇಕು. ಅದೂ ಅವರು ಸಸಿಮಡಿಗೆ ಭತ್ತ ಚೆಲ್ಲುವ ಮುಂಚೆ, ಗುತ್ತಿಗೆಯ ಹೊಲಕ್ಕೆ ಮುಂಗಡ ಕೊಡುವ ಮುಂಚೆ.