ಬಳ್ಳಾರಿ ರಸ್ತೆಯ ಸೂಪರ್‌ಕಾರು

ಭಾನುವಾರ ಬೆಳಗಿನ ಜಾವ ಹೆಬ್ಬಾಳ ದಾಟಿ ಸಾದಹಳ್ಳಿ ಟೋಲ್ ಕಡೆಗೆ ನುಗ್ಗುವ ಸೂಪರ್‌ಕಾರುಗಳ ಸದ್ದು ಹೆದ್ದಾರಿಯಿಂದ ಒಳಗಿರುವ ಹಳ್ಳಿಗಳಿಗೂ ಕೇಳುತ್ತದೆ. ಲ್ಯಾಂಬೊರ್ಗಿನಿ, ಫೆರಾರಿ, ಪೋರ್ಷೆ ಒಂದರ ಹಿಂದೆ ಒಂದು ಬರುತ್ತವೆ. ನಂದಿ ಕ್ರಾಸ್‌ವರೆಗೆ ಒಂದು ಓಟ, ಇಲ್ಲವೇ ಹೊಸಕೋಟೆಯ ಕಡೆ ಹೊರಳಿ ನಸುಕಿನ ದಮ್ ಬಿರಿಯಾನಿ, ಬಿಸಿಲೇರುವ ಮೊದಲೇ ನಗರಕ್ಕೆ ವಾಪಸ್. ರಸ್ತೆಬದಿಯಲ್ಲಿ ಮೊಬೈಲ್ ಎತ್ತಿ ಹಿಡಿದ ಹುಡುಗರು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ದಾರಿಯಲ್ಲಿ ಬೆಳೆದ ಆಚರಣೆ ಇದು. ಇದಕ್ಕೊಂದು ಹೊತ್ತಿದೆ, ಮಾರ್ಗವಿದೆ, ನೋಡುಗರೂ ಇದ್ದಾರೆ. ಆದ್ದರಿಂದ ಉಳ್ಳವರ ಶೋಕಿ ಎಂದು ಒಂದೇ ಮಾತಿಗೆ ತಳ್ಳಿಹಾಕದೆ, ಸಾರ್ವಜನಿಕರ ಮುಂದೆ ನಡೆಯುವ ಯಾವುದೇ ಪ್ರದರ್ಶನವನ್ನು ವಿಮರ್ಶಿಸುವಂತೆ ಇದನ್ನೂ ವಿಮರ್ಶೆಗೆ ಒಡ್ಡಬೇಕು ಎನ್ನುವುದು ನನ್ನ ನಿಲುವು. ಅದರಲ್ಲೂ ಸುತ್ತಲಿನವರ ದುಡಿಮೆ ಕುಸಿದಿರುವ ಕಾಲದಲ್ಲಿ ಈ ಓಟ ಈ ನೆಲಕ್ಕೆ ಏನು ಕೊಡುತ್ತದೆ, ಇಲ್ಲಿಂದ ಏನು ಪಡೆಯುತ್ತದೆ ಎಂದು ಲೆಕ್ಕ ಹಾಕಿ ನೋಡಬೇಕು.

ಮೊದಲು ಕಾರಿನ ಹೆಚ್ಚುಗಾರಿಕೆಯನ್ನು ಹೇಳಿಬಿಡುತ್ತೇನೆ. ಫೆರಾರಿಯ ಎಸ್‌ಎಫ್90 ಸ್ಟ್ರಡಾಲೆ ಪೆಟ್ರೋಲ್ ಎಂಜಿನ್ನಿಗೆ ಮೂರು ಎಲೆಕ್ಟ್ರಿಕ್ ಮೋಟಾರುಗಳನ್ನು ಕೂಡಿಸಿಕೊಂಡು ಸಾವಿರ ಅಶ್ವಶಕ್ತಿ ಹೊಮ್ಮಿಸುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ ಎರಡೂವರೆ ಸೆಕೆಂಡು ಸಾಕು. ಗಾಳಿಯನ್ನು ಸೀಳುವ ಬದಲು ಅದನ್ನೇ ಬಳಸಿಕೊಂಡು ನೆಲಕ್ಕೆ ಒತ್ತಿಕೊಳ್ಳುವ ಆ ಮೈಕಟ್ಟಿನ ಹಿಂದೆ ಎಷ್ಟೋ ಎಂಜಿನಿಯರುಗಳ ಜೀವಮಾನದ ಕೆಲಸವಿದೆ. ಐಟಿಐ ಓದುವ ದೊಡ್ಡಬಳ್ಳಾಪುರದ ಹುಡುಗ ಅದನ್ನು ಕಂಡು ಕಣ್ಣರಳಿಸಿದರೆ ಅವನು ನೋಡುತ್ತಿರುವುದು ದುಡ್ಡನ್ನಲ್ಲ, ಕೆಲಸವನ್ನು. ಆ ಬೆರಗನ್ನು ಯಾರೂ ಕೀಳಾಗಿ ಕಾಣಬಾರದು.

ತೊಡಕು ಇರುವುದು ಆ ಕಾರನ್ನು ಓಡಿಸುವ ಜಾಗದಲ್ಲಿ. 2018ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಮಿತಿಯಂತೆ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿನ ಗರಿಷ್ಠ ವೇಗ 100 ಕಿ.ಮೀ., ಎಕ್ಸ್‌ಪ್ರೆಸ್‌ವೇನಲ್ಲಿ 120. ಅಂದರೆ ಈ ಕಾರಿಗೆ ಹೆದ್ದಾರಿಯಲ್ಲಿ ಕಾನೂನು ಬಿಟ್ಟುಕೊಡುವ ಆಟ ಎರಡೂವರೆ ಸೆಕೆಂಡಿಗೇ ಮುಗಿಯಿತು. ಮಿಕ್ಕ ಶಕ್ತಿಯೆಲ್ಲ ಟ್ರ್ಯಾಕಿನಲ್ಲಿ ಬಳಸಬೇಕಾದದ್ದು, ಹತ್ತಿರದ ದೊಡ್ಡ ಟ್ರ್ಯಾಕು ತಮಿಳುನಾಡಿನ ಇರುಂಗಾಟ್ಟುಕೋಟೈಯಲ್ಲಿದೆ. ಅಷ್ಟು ದೂರ ಹೋಗುವವರು ಸ್ವಲ್ಪ ಮಂದಿ, ಬಾಕಿಯವರು ಆ ಶಕ್ತಿಯನ್ನು ಇಲ್ಲೇ ಖರ್ಚು ಮಾಡಲು ನೋಡುತ್ತಾರೆ. ಈ ರಸ್ತೆಯಲ್ಲಿ ಹೂವಿನ ಮೂಟೆ ಹೇರಿಕೊಂಡ ಟೆಂಪೊ ಓಡುತ್ತದೆ, ಪಾಳಿ ಮುಗಿಸಿ ಬರುವ ಗಾರ್ಮೆಂಟ್ ಹೆಣ್ಣುಮಕ್ಕಳ ಬಸ್ಸು ಓಡುತ್ತದೆ, ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್ ಪಕ್ಕದ ದಾರಿಯಿಂದ ಬಂದು ಸೇರುತ್ತದೆ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನ ನಡುಮಧ್ಯೆ ಲ್ಯಾಂಬೊರ್ಗಿನಿಯೊಂದು ಸಂಚಾರ ಪೊಲೀಸರ ಚೌಕಿಗೇ ಗುದ್ದಿತ್ತು. ಆ ಹೊತ್ತಿಗೆ ಅದರೊಳಗೆ ಪೊಲೀಸರು ನಿಂತಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಬೆಲೆಬಾಳುವುದನ್ನು ನಾಲ್ಕು ಜನರ ಮುಂದೆ ಮೆರೆಸುವುದು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಗಳಿರುವ ಈ ಜಿಲ್ಲೆಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು: ಲಕ್ಷಗಟ್ಟಲೆ ಬಾಳುವ ಹಳ್ಳಿಕಾರ್ ಜೋಡಿಗೆ ಪೆಂಡಾಲು ಹಾಕಿಸಿ, ವಾಲಗ ಊದಿಸಿಕೊಂಡು ಕರೆತರುತ್ತಾರೆ. ಬರಗಾಲದಲ್ಲೂ ತರುತ್ತಾರೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಏಕೆಂದರೆ ಆ ಎತ್ತು ಜನರ ನಡುವೆ ಬಂದು ನಿಲ್ಲುತ್ತದೆ. ಯಾರು ಬೇಕಾದರೂ ಹಲ್ಲು ನೋಡಬಹುದು, ಸುಳಿ ನೋಡಬಹುದು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೇಳಬಹುದು. ಹಗ್ಗದವನು, ಗೆಜ್ಜೆಯವನು, ಲಾಳ ಕಟ್ಟುವವನು, ಮೇವು ಮಾರುವವಳು ಎಲ್ಲರಿಗೂ ಅದರಲ್ಲಿ ನಾಲ್ಕು ಕಾಸಿದೆ, ತಳಿಯೂ ಇಲ್ಲೇ ಉಳಿಯುತ್ತದೆ. ಭಾನುವಾರದ ಕಾರು ಹಾಗೆ ನಿಲ್ಲುವುದಿಲ್ಲ. ನೋಡುಗರನ್ನು ಬಯಸುತ್ತದೆ, ಆದರೆ ಅವರ ಮಾತಿಗೆ ಸಿಗುವುದಿಲ್ಲ. ಕಲೆಯ ಮಾತಿನಲ್ಲೇ ಹೇಳುವುದಾದರೆ ಈ ಪ್ರದರ್ಶನದ ದೊಡ್ಡ ದೋಷ ಇದೇ ಎಂದು ನನಗೆ ಕಾಣುತ್ತದೆ.

ಈಗ ಕಷ್ಟಕಾಲದ ವಿಷಯಕ್ಕೆ ಬರೋಣ. ಕೋವಿಡ್ ಲಾಕ್‌ಡೌನಿನಿಂದಾಗಿ 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇವನಹಳ್ಳಿಯಿಂದ ಪ್ರಯಾಣಿಕರ ವಿಮಾನಗಳ ನಿತ್ಯದ ಹಾರಾಟ ನಿಂತಿತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಆರ್ಥಿಕತೆ ಕಾಲುಭಾಗದಷ್ಟು ಕುಗ್ಗಿತು. ಈ ಜಿಲ್ಲೆಯಲ್ಲಿ ಅದು ಅಂಕಿಯಾಗಿ ಬರಲಿಲ್ಲ. ಮದುವೆ, ದೇವಸ್ಥಾನ ಎರಡೂ ನಿಂತದ್ದರಿಂದ ಗುಲಾಬಿ, ಸೇವಂತಿಗೆಯನ್ನು ಬೆಳೆದವರೇ ತಿಪ್ಪೆಗೆ ಸುರಿದರು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಹಗಲೂ ರಾತ್ರಿ ಕೇಳುತ್ತಿದ್ದ ವಿದ್ಯುತ್ ಮಗ್ಗದ ಲಟಪಟ ನಿಂತುಹೋಯಿತು. ನೇಯ್ದ ಸೀರೆ ಮಾಲೀಕನ ಮನೆಯಲ್ಲೇ ಉಳಿಯಿತು, ಕೂಲಿ ಮಗ್ಗದವನಿಗೆ ವಾರದ ಬಟವಾಡೆ ಇಲ್ಲವಾಯಿತು. ಏರ್‌ಪೋರ್ಟ್ ಟ್ಯಾಕ್ಸಿಯವರಿಗೆ ಬಾಡಿಗೆ ಇಲ್ಲ, ಸಾಲದ ಕಂತು ಮಾತ್ರ ತಪ್ಪಲಿಲ್ಲ. ಮರುವರ್ಷ, 2021ರ ಮಾರ್ಚ್ ಕೊನೆಯಲ್ಲಿ, ಆದಾಯ ಕುಸಿದು ಕಂಗೆಟ್ಟ ಟ್ಯಾಕ್ಸಿ ಚಾಲಕರೊಬ್ಬರು ಇದೇ ವಿಮಾನ ನಿಲ್ದಾಣದಲ್ಲಿ ಆತ್ಮಹತ್ಯೆಗೆ ಮುಂದಾಗಿ ಮೃತಪಟ್ಟರು.

ಅದೇ ವರ್ಷಗಳಲ್ಲಿ ಲ್ಯಾಂಬೊರ್ಗಿನಿ ಭಾರತದಲ್ಲಿ ಮಾರಿದ ಕಾರುಗಳ ಸಂಖ್ಯೆ ನೋಡಿ: 2019ರಲ್ಲಿ 52, 2020ರಲ್ಲಿ 37, 2021ರಲ್ಲಿ 69. ಕೆಳಗಿಳಿದದ್ದು ಒಂದೇ ವರ್ಷ, ಮರುವರ್ಷವೇ ಹಿಂದಿಲ್ಲದ ಎತ್ತರಕ್ಕೆ ಏರಿತು. ದ್ವಿಚಕ್ರ ವಾಹನದ ಕತೆ ತಿರುವುಮುರುವು. 2018-19ರಲ್ಲಿ ದೇಶದೊಳಗೆ ಮಾರಾಟವಾದ ಬೈಕು, ಸ್ಕೂಟರುಗಳು 2 ಕೋಟಿ 11 ಲಕ್ಷ, 2021-22ರಲ್ಲಿ ಅದು 1 ಕೋಟಿ 35 ಲಕ್ಷದ ಒಳಗೆ ಬಂದಿತ್ತು. ಮೇಲಿನವರು ಒಂದು ವರ್ಷದಲ್ಲಿ ಎದ್ದುನಿಂತರು, ಟಿವಿಎಸ್ ಎಕ್ಸೆಲ್ ಕೊಳ್ಳುವವರಿಗೆ ಮೂರು ವರ್ಷವಾದರೂ ಏಳಲಾಗಲಿಲ್ಲ. ಈ ಅಂತರ ಕಣ್ಣಿಗೆ ಕಾಣುವ ಜಾಗ ಬಳ್ಳಾರಿ ರಸ್ತೆ.

ಇದಕ್ಕೆ ಅರ್ಥಶಾಸ್ತ್ರದ ಕಡೆಯಿಂದ ಬರುವ ಉತ್ತರ ಬಲವಾದದ್ದೇ. ಹಿಂಜರಿತದಲ್ಲಿ ಎಲ್ಲರೂ ಜೇಬು ಬಿಗಿಹಿಡಿದರೆ ಕುಸಿತ ಇನ್ನಷ್ಟು ಆಳವಾಗುತ್ತದೆ, ದುಡ್ಡಿದ್ದವರು ಖರ್ಚು ಮಾಡಲಿ ಎಂದು ಕೇನ್ಸ್ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ನಾನಿದನ್ನು ಒಪ್ಪುತ್ತೇನೆ. ಒಪ್ಪಿಕೊಂಡ ಮೇಲೆ ಆ ಖರ್ಚು ಎಲ್ಲಿಗೆ ಹರಿಯಿತು ಎಂದು ಹಿಂಬಾಲಿಸಬೇಕಾಗುತ್ತದೆ. ಹೊಸಕೋಟೆಯಲ್ಲಿ ವೋಲ್ವೊ ಕಂಪನಿ 2017ರಿಂದ ಐಷಾರಾಮಿ ಕಾರುಗಳನ್ನು ಜೋಡಿಸುತ್ತಿದೆ. ಅಲ್ಲಿಂದ ಒಂದು ಎಕ್ಸ್‌ಸಿ90 ಹೊರಬಂದರೆ ಬೋಲ್ಟು ಬಿಗಿದವನ ಸಂಬಳ, ಕ್ಯಾಂಟೀನಿನವಳ ಕೂಲಿ, ಕಾರ್ಮಿಕರನ್ನು ಕರೆತರುವ ಮಿನಿಬಸ್ಸಿನ ಬಾಡಿಗೆ ಇದೇ ತಾಲ್ಲೂಕಿನಲ್ಲಿ ಸುತ್ತುತ್ತವೆ. ಕೊಳ್ಳುವವರು ಕೋಟ್ಯಧೀಶರಾದರೂ ಚಿಂತೆಯಿಲ್ಲ. ಲ್ಯಾಂಬೊರ್ಗಿನಿ ತಯಾರಾಗುವುದು ಇಟಲಿಯ ಸಂತಾಗತಾ ಬೊಲೊನ್ಯೇಸೆಯಲ್ಲಿ, ಫೆರಾರಿ ಮರನೆಲ್ಲೊದಲ್ಲಿ. ಕೂಲಿ ಅಲ್ಲಿಯವರಿಗೆ, ಬೆಲೆಯ ಮೇಲೆ ನೂರಕ್ಕೆ ನೂರನ್ನೂ ಮೀರುವ ಆಮದು ಸುಂಕ ದೆಹಲಿಗೆ. ಇಲ್ಲಿಗೆ ಉಳಿಯುವುದು ಪೆಟ್ರೋಲು, ಒಂದು ಪ್ಲೇಟು ಬಿರಿಯಾನಿ, ಮತ್ತೆ ರಾಜ್ಯಕ್ಕೆ ಕಟ್ಟಬೇಕಾದ ಆಜೀವ ತೆರಿಗೆ. ಈ ಮೂರರಲ್ಲಿ ಲೆಕ್ಕಕ್ಕೆ ಬರುವ ಮೊತ್ತ ಕೊನೆಯದೊಂದೇ.

ಆ ಕೊನೆಯದರಲ್ಲೇ ಕಳ್ಳಾಟ ನಡೆಯುತ್ತದೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಪುದುಚೇರಿಯಲ್ಲಿ ಇದರ ಸಣ್ಣ ಪಾಲು ಕಟ್ಟಿದರೆ ಸಾಕು. ಹಾಗಾಗಿ ಅಲ್ಲೊಂದು ವಿಳಾಸ ತೋರಿಸಿ ನೋಂದಣಿ ಮಾಡಿಸಿ, ಪಿವೈ ಫಲಕದಲ್ಲೇ ವರ್ಷಗಟ್ಟಲೆ ಇಲ್ಲಿ ಓಡಿಸುವುದು ರೂಢಿಯಾಗಿದೆ. ಹೊರರಾಜ್ಯದ ವಾಹನ 12 ತಿಂಗಳು ಮೀರಿ ಇಲ್ಲೇ ಉಳಿದರೆ ಮರುನೋಂದಣಿ ಆಗಲೇಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. 2021ರ ಆಗಸ್ಟ್‌ನಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಇಂಥ ಕಾರುಗಳನ್ನು ಹಿಡಿದರು. 2025ರ ಫೆಬ್ರುವರಿಯಲ್ಲಿ ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಸೇರಿ 30 ಕಾರುಗಳನ್ನು ಜಪ್ತಿ ಮಾಡಿದರು, ಬಾಕಿ ಸುಮಾರು 3 ಕೋಟಿ ರೂಪಾಯಿ. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಎಸ್‌ಎಫ್90 ಒಂದರಿಂದಲೇ ದಂಡವೂ ಸೇರಿ 1 ಕೋಟಿ 41 ಲಕ್ಷಕ್ಕೂ ಹೆಚ್ಚು ವಸೂಲಾಯಿತು. ನೋಟಿಸು ಹೋದಮೇಲೆ ಕಟ್ಟಿದರು, ಅಂದರೆ ಕಟ್ಟುವ ತಾಕತ್ತು ಮೊದಲಿಂದಲೂ ಇತ್ತು.

ನಾಲ್ಕು ಕೋಟಿಯ ಕಾರೊಂದನ್ನು ತೆಗೆದುಕೊಳ್ಳಿ. ಶೇ 18 ಎಂದರೆ 72 ಲಕ್ಷ. 2021ರ ಎರಡನೇ ಲಾಕ್‌ಡೌನಿನಲ್ಲಿ ವಿದ್ಯುತ್ ಮಗ್ಗದ ಕಾರ್ಮಿಕರಿಗೆ ರಾಜ್ಯ ಸರ್ಕಾರ ಪ್ರಕಟಿಸಿದ ನೆರವು ತಲಾ 3,000 ರೂಪಾಯಿ. ಒಂದು ಕಾರಿನ ತೆರಿಗೆ 2,400 ಕಾರ್ಮಿಕರ ನೆರವಿಗೆ ಸಮ. 2020ರ ಮೇ ತಿಂಗಳಲ್ಲಿ ಹೂ ಬೆಳೆಗಾರರಿಗೆ ಸಾರಿದ ಪರಿಹಾರ ಹೆಕ್ಟೇರಿಗೆ 25,000. ಅದೇ 72 ಲಕ್ಷಕ್ಕೆ 288 ಹೆಕ್ಟೇರ್ ಹೂದೋಟದ ಪರಿಹಾರ ಸಲ್ಲುತ್ತದೆ. ಬೊಕ್ಕಸ ಬರಿದಾಗಿದೆ ಎಂದು ಸರ್ಕಾರ ಕೈಚೆಲ್ಲುವ ವರ್ಷದಲ್ಲಿ ತೆರಿಗೆ ತಪ್ಪಿಸಿದ ಕಾರು ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಪಕ್ಕದಲ್ಲೇ ಹಾದುಹೋದರೆ, ಅದನ್ನು ವೈಯಕ್ತಿಕ ಅಭಿರುಚಿಯ ವಿಷಯ ಎಂದು ಒಪ್ಪಲು ನನ್ನಿಂದ ಆಗದು. ಶ್ರೀಮಂತಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಬ್ಬರ ಪಾಲನ್ನು ಬಾಕಿ ಉಳಿಸಿಕೊಂಡು ಮೆರೆಯುವುದರ ಮೇಲೆ ಇದೆ.

ಬಾಕಿ ಎಂದ ಕೂಡಲೇ 2012 ನೆನಪಾಗುತ್ತದೆ. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ದೇವನಹಳ್ಳಿ ನಿಲ್ದಾಣದಲ್ಲಿ ಕೆಂಪು ಸಮವಸ್ತ್ರ ತೊಟ್ಟು ದುಡಿದವರೂ ಆ ನೌಕರರಲ್ಲಿದ್ದರು. ಅಕ್ಟೋಬರ್ 20ರಂದು ಕಂಪನಿಯ ಹಾರಾಟದ ಪರವಾನಗಿ ಅಮಾನತಾಯಿತು. ಎಂಟೇ ದಿನಕ್ಕೆ, ಅಕ್ಟೋಬರ್ 28ರಂದು, ಮಲ್ಯ ಅವರ ಸಹ ಒಡೆತನದ ಫೋರ್ಸ್ ಇಂಡಿಯಾ ತಂಡದ ಕಾರುಗಳು ಗ್ರೇಟರ್ ನೋಯ್ಡಾದ ಫಾರ್ಮುಲಾ ಒನ್ ಟ್ರ್ಯಾಕಿನಲ್ಲಿ ಓಡಿದವು. ಎರಡು ಬೇರೆ ಕಂಪನಿ, ಎರಡು ಬೇರೆ ಲೆಕ್ಕ ಎಂದು ವಕೀಲರು ಹೇಳಬಹುದು. ಬಾಡಿಗೆ ಕಟ್ಟಲಾಗದೆ ಮನೆ ಬದಲಿಸಿದ ನೌಕರರ ಮುಂದೆ ಆ ವಾದ ನಿಲ್ಲುವುದಿಲ್ಲ.

ಈ ಚರ್ಚೆಯಲ್ಲಿ ಸದಾ ಬೈಸಿಕೊಳ್ಳುವವರು ಬೇರೊಬ್ಬರಿದ್ದಾರೆ, ಜಮೀನು ಕೊಟ್ಟ ದುಡ್ಡಿನಲ್ಲಿ ಕಾರು ಕೊಂಡ ರೈತ. ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. 2008ರ ಮೇನಲ್ಲಿ ಅದು ತೆರೆದಾಗ ಜಗತ್ತಿನ ಹಣಕಾಸು ಕುಸಿತ ಬಾಗಿಲಲ್ಲೇ ಇತ್ತು. ಆ ಸುಮಾರಿಗೆ ಇಲ್ಲಿನ ಹಳ್ಳಿಗಳಲ್ಲಿ ಸ್ಕಾರ್ಪಿಯೊ, ಫಾರ್ಚುನರ್ ಬಂದು ನಿಂತದ್ದನ್ನು ನಗರದವರು ಇಂದಿಗೂ ನಗೆಯ ಸರಕಾಗಿ ಬಳಸುತ್ತಾರೆ. ನನಗೆ ಆ ನಗು ಅನ್ಯಾಯವೆನಿಸುತ್ತದೆ. ತಲೆಮಾರಿಗೊಮ್ಮೆ ಮಾತ್ರ ಮಾರಬಹುದಾದದ್ದನ್ನು ಮಾರಿದವರು ಅವರು. ಅವರ ಕಾರಿನ ತೆರಿಗೆ ಇಲ್ಲೇ ಕಟ್ಟಿದ್ದು, ಫಲಕ ಇಲ್ಲಿಯದೇ. ಅದರಲ್ಲಿ ಬೀದಿಯ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ದರು, ಮದುವೆಗೆ ಊರವರನ್ನು ಕೂರಿಸಿಕೊಂಡರು. ದುಡ್ಡು ಕರಗಿದ್ದು ನಿಜ, ಅದಕ್ಕೆ ಮರುಕವಿರಲಿ, ಗೇಲಿ ಬೇಡ. ಭೂಮಿಯ ಬೆಲೆ ಇಲ್ಲಿಯವರಿಗೆ ಗೊತ್ತಿಲ್ಲ ಎನ್ನುವವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಡೆ ನೋಡಬೇಕು. 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವಂತೆ ಮಾಡಿದರು.

ಸೂಪರ್‌ಕಾರು ಓಡುವ ಹೊಸ ರಸ್ತೆಗಳೂ ಇಂಥ ರೈತರ ಹೊಲದ ಮೇಲೇ ಹಾದಿವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಹೊಸಕೋಟೆ ಸೇರುವ ಉಪನಗರ ವರ್ತುಲ ರಸ್ತೆ, ಹೊಸಕೋಟೆಯಿಂದ ಚೆನ್ನೈ ಕಡೆಗೆ 2024ರ ಕೊನೆಯಲ್ಲಿ ಕರ್ನಾಟಕದ ಭಾಗದಷ್ಟು ತೆರೆದ ಎಕ್ಸ್‌ಪ್ರೆಸ್‌ವೇ, ಎರಡೂ ನುಣುಪಾಗಿ, ನೆಟ್ಟಗಿವೆ. ಎಕ್ಸ್‌ಪ್ರೆಸ್‌ವೇಗೆ ಹೊಲ ಬಿಟ್ಟುಕೊಟ್ಟವನು ತನ್ನ ಬೈಕಿನಲ್ಲಿ ಅದನ್ನು ಹತ್ತುವಂತಿಲ್ಲ, ದ್ವಿಚಕ್ರ ವಾಹನಕ್ಕೆ ಅಲ್ಲಿ ನಿಷೇಧ. ಆ ದಾರಿಯಲ್ಲಿ ತೆರಿಗೆ ಕಟ್ಟದ ಕಾರು ಓಡಬಾರದು ಎಂದು ಕೇಳುವ ಹಕ್ಕು ಮೊದಲು ಅವನಿಗಿದೆ.

ಸಾರಿಗೆ ಇಲಾಖೆ 2025ರ ಫೆಬ್ರುವರಿಯಲ್ಲಿ ನಗರದೊಳಗೆ ಮಾಡಿದ ತಪಾಸಣೆಯನ್ನು ಭಾನುವಾರ ಬೆಳಿಗ್ಗೆ ಸಾದಹಳ್ಳಿ ಟೋಲ್‌ನಲ್ಲೂ, ಹೊಸಕೋಟೆಯ ಎಕ್ಸ್‌ಪ್ರೆಸ್‌ವೇ ಬಾಯಲ್ಲೂ ಮಾಡಲಿ. ವರ್ಷಕ್ಕೊಮ್ಮೆ ಸುದ್ದಿಗಾಗಿ ಮಾಡಿದರೆ ಸಾಲದು, ವಾರವಾರವೂ ನಡೆಯಲಿ. ಟೋಲಿನ ಫಾಸ್ಟ್ಯಾಗ್ ದಾಖಲೆ ನೋಡಿದರೆ ಯಾವ ಪಿವೈ ಕಾರು ಎಷ್ಟು ತಿಂಗಳಿಂದ ಇಲ್ಲೇ ಇದೆ ಎಂದು ತಿಳಿಯುವುದು ಕಷ್ಟವಲ್ಲ. ದೇವನಹಳ್ಳಿ ಆರ್‌ಟಿಒದ ಕೆಎ-43, ನೆಲಮಂಗಲದ ಕೆಎ-52, ಈ ರಾಜ್ಯದ ಯಾವ ಫಲಕವಾದರೂ ಸರಿ, ಅದನ್ನು ಹೊತ್ತು ಪೂರ್ತಿ ತೆರಿಗೆ ಕಟ್ಟಿದ ಕಾರು ಹಿಂಜರಿತದ ವರ್ಷದಲ್ಲಿ ರಸ್ತೆಗಿಳಿದರೂ ಅದರ ಒಡೆಯನನ್ನು ನಾನು ದೂರುವುದಿಲ್ಲ. ಅವನೊಂದಿಗೆ ಉಳಿಯುವ ತಕರಾರು ವೇಗ ಮತ್ತು ಸದ್ದಿನದು, ಅದನ್ನು ನೋಡಿಕೊಳ್ಳಲು ಸಂಚಾರ ಪೊಲೀಸರಿದ್ದಾರೆ.